ಪೆನ್‌ಡ್ರೈವ್ ಬಿಡಲೊಲ್ಲದ ಹಳೇ ಕಂಪ್ಯೂಟರ್

ಮುಗಳಖೋಡದಂಥ ಊರಿನ ಝೆರಾಕ್ಸ್ ಅಂಗಡಿಗೆ ಜನ ಕಾಗದಕ್ಕಿಂತ ಹೆಚ್ಚಾಗಿ ಪೆನ್‌ಡ್ರೈವ್ ಹಿಡಿದುಕೊಂಡು ಬರುತ್ತಾರೆ. ಲಗ್ನಪತ್ರಿಕೆಗೆ ಹಾಕುವ ಫೋಟೊ, ಹೊಲದ ಉತಾರದ ಸ್ಕ್ಯಾನ್, ಸೊಸೈಟಿಯ ಸಾಲದ ಅರ್ಜಿ, ಯಲ್ಲಾಲಿಂಗೇಶ್ವರ ಮಠದ ಜಾತ್ರೆಗೆ ಕಟ್ಟುವ ಬ್ಯಾನರು, ಎಲ್ಲವೂ ಅದರಲ್ಲೇ. ಕೆಲಸ ಮುಗಿಯುತ್ತದೆ. ಅಂಗಡಿಯವರು ಪರದೆಯ ಮೂಲೆಯ ಹಸಿರು ಗುರುತಿನ ಮೇಲೆ ಒತ್ತಿ ಪೆನ್‌ಡ್ರೈವ್ ಬಿಡಿಸಲು ನೋಡುತ್ತಾರೆ. ಕಂಪ್ಯೂಟರ್ ಬಿಡುವುದಿಲ್ಲ. ಅಷ್ಟರಲ್ಲಿ ಹಾರೂಗೇರಿ ಕಡೆಯ ಬಸ್ ಹಾರ್ನ್ ಹೊಡೆಯುತ್ತದೆ. “ಕಿತ್ತ ಕೊಟ್ಟಬಿಡ್ರಿ ಅಣ್ಣಾರ, ಏನ ಆಗೂದಿಲ್ಲ” ಎಂಬ ಮಾತು ಬರುತ್ತದೆ. ಹೆಚ್ಚಿನ ಸಲ ನಿಜಕ್ಕೂ ಏನೂ ಆಗುವುದಿಲ್ಲ. ಎಂದೋ ಒಮ್ಮೆ ಮಾತ್ರ ಪೂರ್ತಿ ಮದುವೆಯ ಫೋಟೊ ಹೋಗಿಬಿಡುತ್ತವೆ.

ಇಂಥ ಅಂಗಡಿಗಳಲ್ಲಿ ಹಳೆಯ ಯಂತ್ರಗಳು ಉಳಿದಿರುವುದಕ್ಕೆ ಜಿಪುಣತನವೊಂದೇ ಕಾರಣವಲ್ಲ. ಕನ್ನಡ ಡಿಟಿಪಿಯ ಬಹುಪಾಲು ಕೆಲಸ ಬೆಳೆದದ್ದು ಪೇಜ್‌ಮೇಕರ್ ಮೇಲೆ, ಯುನಿಕೋಡ್ ಅಲ್ಲದ ನುಡಿ ಮತ್ತು ಶ್ರೀಲಿಪಿ ಫಾಂಟ್‌ಗಳ ಮೇಲೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಬೆಂಬಲ ನಿಲ್ಲಿಸಿತು. ಆದರೂ ವರ್ಷಗಟ್ಟಲೆಯ ಹಳೆಯ ಫೈಲುಗಳು ತೆರೆಯುವುದು ಆ ಯಂತ್ರಗಳಲ್ಲೇ ಎಂದಾದಾಗ ಅಂಗಡಿಯವರು ಅವನ್ನು ಬಿಸಾಕುವುದಾದರೂ ಹೇಗೆ?

ಕಂಪ್ಯೂಟರ್ ಡ್ರೈವನ್ನು ಹಿಡಿದಿಡುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ. ಜನ ಅವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ಮೊದಲನೆಯದು ಬರೆಯದೆ ಉಳಿದ ಬಾಕಿ. ಸೊಸೈಟಿಯ ಗುಮಾಸ್ತರು ದಿನವಿಡೀ ಬಂದ ಹಣವನ್ನು ಚೀಟಿಗಳಲ್ಲಿ ಗುರುತು ಮಾಡಿಕೊಂಡು ಸಂಜೆ ಒಟ್ಟಿಗೆ ಕಿರ್ದಿಗೆ ಏರಿಸುತ್ತಾರಲ್ಲ, ಕಂಪ್ಯೂಟರೂ ಹಾಗೆಯೇ ಮಾಡುತ್ತದೆ. ರ‍್ಯಾಮ್‌ಗೆ ಬರೆಯುವುದು ಬೇಗ, ಡಿಸ್ಕ್‌ಗೆ ಬರೆಯುವುದು ನಿಧಾನ. ಆದ್ದರಿಂದ ‘ಕಾಪಿ ಮುಗಿಯಿತು’ ಎಂದು ಪರದೆಯಲ್ಲಿ ತೋರಿಸಿದ ಮೇಲೂ ಒಂದಿಷ್ಟು ದತ್ತಾಂಶ ಇನ್ನೂ ಚೀಟಿಯಲ್ಲೇ ಇರಬಹುದು. ವಿಂಡೋಸ್‌ನಲ್ಲಿ ಈ ಬಾಕಿ ತೀರಿಸುವ ಭಾಗದ ಹೆಸರೇ ‘ಲೇಜಿ ರೈಟರ್’. ಸೆಕೆಂಡಿಗೊಮ್ಮೆ ಎದ್ದು, ಬಾಕಿಯ ಸುಮಾರು ಎಂಟನೇ ಒಂದು ಪಾಲನ್ನು ಬರೆಯಲು ಕಳಿಸುತ್ತದೆ. ಹಳೆಯ ಯುನಿಕ್ಸ್ ಯಂತ್ರಗಳಲ್ಲಿ 30 ಸೆಕೆಂಡಿಗೊಮ್ಮೆ ಎಲ್ಲವನ್ನೂ ಡಿಸ್ಕ್‌ಗೆ ಇಳಿಸುವ ರೂಢಿಯಿತ್ತು. 1993ರಲ್ಲಿ ಬಂದ ಎಂಎಸ್-ಡಾಸ್ 6.0ರ ಸ್ಮಾರ್ಟ್‌ಡ್ರೈವ್ ಕೂಡ ಇದೇ ಜಾಣತನ ತೋರಿಸಲು ಹೋಗಿ ಕೆಟ್ಟ ಹೆಸರು ತಂದುಕೊಂಡಿತು. ಡಾಸ್ ಬಳಸುವವರಿಗೆ ಕೆಲಸ ಮುಗಿದ ಕೂಡಲೇ ಸ್ವಿಚ್ ಆರಿಸುವುದೇ ಅಭ್ಯಾಸ, ಬಾಕಿ ಚೀಟಿಗಳೆಲ್ಲ ಅದರೊಂದಿಗೇ ಹೋದವು. ಅದೇ ವರ್ಷ ಬಂದ 6.2ರಲ್ಲಿ ಮೈಕ್ರೋಸಾಫ್ಟ್ ಈ ಏರ್ಪಾಡು ತಾನಾಗಿ ಚಾಲೂ ಆಗದಂತೆ ಮಾಡಿತು.

ಎಕ್ಸ್‌ಪಿ ಬರುವ ಹೊತ್ತಿಗೆ ಮೈಕ್ರೋಸಾಫ್ಟ್ ಪಾಠ ಕಲಿತಿತ್ತು. ಪೆನ್‌ಡ್ರೈವ್‌ಗಳ ಮಟ್ಟಿಗೆ ಚೀಟಿ ಇಟ್ಟುಕೊಳ್ಳದೆ ತಕ್ಷಣ ಬರೆಯುವ ‘ಕ್ವಿಕ್ ರಿಮೂವಲ್’ ಅದರ ಮೂಲ ಏರ್ಪಾಡಾಗಿತ್ತು. ಹತ್ತಾರು ಸಲ ಕಿತ್ತರೂ ಏನೂ ಆಗುವುದಿಲ್ಲ ಎಂಬ ಅಂಗಡಿಯ ಅನುಭವಕ್ಕೆ ಇದೇ ಕಾರಣ. ಆದರೆ ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ದೊಡ್ಡ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಈ ಧೈರ್ಯ ಸಲ್ಲದು.

ಎರಡನೆಯ ಕಾರಣವೇ ನಮ್ಮ ಮುಖ್ಯ ವಿಷಯ. ಬರೆಯುವ ಬಾಕಿ ಒಂದು ಅಕ್ಷರವೂ ಇಲ್ಲದಿರಬಹುದು, ಆದರೂ ಯಾವುದೋ ಒಂದು ಪ್ರೋಗ್ರಾಂ ಆ ಡ್ರೈವ್‌ನ ಒಂದು ಫೈಲನ್ನೋ ಫೋಲ್ಡರನ್ನೋ ಹಿಡಿದುಕೊಂಡಿರುತ್ತದೆ. ಹಿಡಿದವರು ಕೈಬಿಡುವ ತನಕ ಆಪರೇಟಿಂಗ್ ಸಿಸ್ಟಂ ಡ್ರೈವ್ ಬಿಡುವುದಿಲ್ಲ.

ಆಗ ಎಕ್ಸ್‌ಪಿ ಏನು ಹೇಳುತ್ತದೆ? ‘ಜೆನೆರಿಕ್ ವಾಲ್ಯೂಮ್’ ಎಂಬುದನ್ನು ಈಗ ನಿಲ್ಲಿಸಲಾಗದು, ಆಮೇಲೆ ನೋಡಿ ಎನ್ನುತ್ತದೆ. ವಿಂಡೋಸ್ 7 ತುಸು ವಿನಯದಿಂದ, ಇದನ್ನು ಬಳಸುತ್ತಿರಬಹುದಾದ ಪ್ರೋಗ್ರಾಂಗಳನ್ನು ಮುಚ್ಚಿ ಎನ್ನುತ್ತದೆ. ‘ಬಳಸುತ್ತಿರಬಹುದಾದ’ ಅಂತೆ! ಯಾರು ಹಿಡಿದಿದ್ದಾರೆಂದು ಯಂತ್ರಕ್ಕೆ ಖಚಿತವಾಗಿ ಗೊತ್ತು, ಗೊತ್ತಿರುವುದರಿಂದಲೇ ಅದು ಬಿಡುತ್ತಿಲ್ಲ. ಹಾಗಿದ್ದೂ ಹೆಸರು ಹೇಳುವುದಿಲ್ಲ. ಬಳಸುವವರನ್ನು ಕೈ ಕಟ್ಟಿ ಕೂರಿಸುವ ಈ ಸಂದೇಶ ನನ್ನ ದೃಷ್ಟಿಯಲ್ಲಿ ಕೆಟ್ಟ ವಿನ್ಯಾಸ. ಡ್ರೈವ್ ಕೀಳುವ ದುರಭ್ಯಾಸಕ್ಕೆ ಅರ್ಧ ಹೊಣೆ ಇದರದ್ದೇ.

ಇದಕ್ಕಿಂತ ಹಳೆಯ ಕೆಲವು ವ್ಯವಸ್ಥೆಗಳು ಹೀಗಿರಲಿಲ್ಲ. ಡಿಸ್ಕ್ ತೆಗೆದು ಹಾಕುವ ರೂಢಿಯೇನೂ ಹೊಸದಲ್ಲ. ಐಬಿಎಂ 1962ರಲ್ಲಿ ತಂದ 1311 ಡ್ರೈವ್‌ನಲ್ಲಿ ಡಿಸ್ಕ್‌ಗಳ ಕಟ್ಟನ್ನೇ ಎತ್ತಿ ತೆಗೆಯಬಹುದಿತ್ತು. ಸುಮಾರು ನಾಲ್ಕೂವರೆ ಕಿಲೋ ತೂಗುವ ಒಂದು ಕಟ್ಟಿನಲ್ಲಿ 20 ಲಕ್ಷ ಅಕ್ಷರ. ಮುಂದೆ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ 1977ರಲ್ಲಿ ವ್ಯಾಕ್ಸ್ ಯಂತ್ರವನ್ನೂ ಅದಕ್ಕಾಗಿ ವಿಎಂಎಸ್ ಎಂಬ ಆಪರೇಟಿಂಗ್ ಸಿಸ್ಟಮನ್ನೂ ತಂದಿತು. ವಿಎಂಎಸ್‌ನಲ್ಲಿ ಡಿಸ್ಕ್ ಬಿಡಿಸಲು ಆಜ್ಞೆ ಕೊಟ್ಟಾಗ ಯಾರಾದರೂ ಫೈಲ್ ತೆರೆದಿದ್ದರೆ, ಅದು ಡಿಸ್ಕ್ ಮೇಲೆ ‘ಬಿಡಿಸಲು ಗುರುತು ಮಾಡಿದೆ’ ಎಂಬ ಮುದ್ರೆ ಒತ್ತಿ, ಹೊಸಬರನ್ನು ಒಳಗೆ ಬಿಡದೆ, ಇದ್ದವರು ಹೊರಡುವ ತನಕ ಕಾಯುತ್ತಿತ್ತು. ‘ಶೋ ಡಿವೈಸ್’ ಆಜ್ಞೆಗೆ ‘ಫೈಲ್ಸ್’ ಸೇರಿಸಿ ಕೇಳಿದರೆ ಯಾವ ಪ್ರೋಸೆಸ್ ಯಾವ ಫೈಲ್ ಹಿಡಿದಿದೆ ಎಂಬ ಪಟ್ಟಿಯನ್ನೇ ಮುಂದಿಡುತ್ತಿತ್ತು. ಈ ವಿಎಂಎಸ್ ನಮಗೆ ತೀರ ಅಪರಿಚಿತವೂ ಅಲ್ಲ. ರಾಯಬಾಗ, ಕುಡಚಿ ಸ್ಟೇಷನ್ನುಗಳಿಂದ ಹೊರಡುವ ರೈಲುಗಳಿಗೂ ಸೀಟು ಕಾದಿರಿಸುವ ಭಾರತೀಯ ರೈಲ್ವೆಯ ಮುಂಗಡ ಟಿಕೆಟ್ ವ್ಯವಸ್ಥೆ ದಶಕಗಳ ಕಾಲ ನಡೆದದ್ದು ಇದರ ಮೇಲೆಯೇ.

ಲಿನಕ್ಸ್ ಕೂಡ ಮೊದಲಿಗೆ ‘ಡಿವೈಸ್ ಬ್ಯುಸಿ’ ಎಂದಷ್ಟೇ ಹೇಳುತ್ತದೆ. ಆದರೆ ‘ಎಫ್‌ಯೂಸರ್’ ಅಥವಾ ‘ಎಲ್‌ಎಸ್‌ಒಎಫ್’ ಆಜ್ಞೆ ಕೊಟ್ಟರೆ ಹೆಸರು ಸಿಗುತ್ತದೆ. ಎಫ್‌ಯೂಸರ್ ಅಷ್ಟಕ್ಕೇ ನಿಲ್ಲದೆ, ಆ ಪ್ರೋಗ್ರಾಂ ಫೈಲನ್ನು ತೆರೆದಿದೆಯೋ ಅಥವಾ ಸುಮ್ಮನೆ ಆ ಫೋಲ್ಡರ್‌ನಲ್ಲಿ ಕೂತಿದೆಯೋ ಎಂಬುದನ್ನೂ ಒಂದಕ್ಷರದ ಗುರುತಿನಿಂದ ತಿಳಿಸುತ್ತದೆ. ಲಿನಕ್ಸ್‌ನಲ್ಲಿ ‘ಲೇಜಿ’ ಎಂಬ ಇನ್ನೊಂದು ದಾರಿಯಿದೆ. ಅದು ಡ್ರೈವನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ, ತೆರೆದ ಫೈಲುಗಳು ಮಾತ್ರ ಹಾಗೆಯೇ ತೆರೆದಿರುತ್ತವೆ. ಮಾಯವಾಯಿತೆಂದು ಡ್ರೈವ್ ಕಿತ್ತರೆ ಮೋಸ ಹೋದಿರಿ.

ಸುಮ್ಮನೆ ಕೂತಿರುವುದು ಎಂದೆನಲ್ಲ, ಡಿಟಿಪಿ ಅಂಗಡಿಗಳ ತೊಂದರೆಗೆ ಅದೇ ದೊಡ್ಡ ಮೂಲ. ಪೇಜ್‌ಮೇಕರ್‌ನಲ್ಲೋ ವರ್ಡ್‌ನಲ್ಲೋ ‘ಓಪನ್’ ಒತ್ತಿ ಪೆನ್‌ಡ್ರೈವ್‌ನ ಫೈಲ್ ತೆರೆದಾಗ ಆ ಪ್ರೋಗ್ರಾಂನ ‘ಸದ್ಯದ ಫೋಲ್ಡರ್’ ಪೆನ್‌ಡ್ರೈವ್‌ಗೆ ಬದಲಾಗಿಬಿಡಬಹುದು. ಆಮೇಲೆ ಫೈಲ್ ಮುಚ್ಚುತ್ತೀರಿ, ಪರದೆ ಖಾಲಿಯಾಗುತ್ತದೆ. ಪ್ರೋಗ್ರಾಂ ಮಾತ್ರ ಇನ್ನೂ ಅಲ್ಲೇ ಕೂತಿರುತ್ತದೆ. ಫೈಲ್ ಮುಚ್ಚಿದರೆ ಸಾಲದು, ಪ್ರೋಗ್ರಾಮನ್ನೇ ಮುಚ್ಚಬೇಕು. ಬೇರೆ ಕೆಲಸ ತೆರೆದಿದೆ, ಮುಚ್ಚಲಾಗದು ಎಂದರೆ ಅದೇ ಪ್ರೋಗ್ರಾಂನಲ್ಲಿ ಮೈ ಡಾಕ್ಯುಮೆಂಟ್ಸ್‌ನ ಯಾವುದಾದರೂ ಒಂದು ಫೈಲ್ ತೆರೆಯಿರಿ. ಕೂತ ಜಾಗ ಬದಲಾಗಿ, ಬಹಳ ಸಲ ಡ್ರೈವ್ ಬಿಟ್ಟುಕೊಳ್ಳುತ್ತದೆ.

ಆಮೇಲಿನ ಅನುಮಾನ ಎಕ್ಸ್‌ಪಿಯ ಎಕ್ಸ್‌ಪ್ಲೋರರ್ ಮೇಲೆಯೇ. ವಿಡಿಯೊಗಳಿರುವ ಫೋಲ್ಡರ್ ತೆರೆದರೆ ಸಣ್ಣ ಚಿತ್ರ ತೋರಿಸುವ ಹುಮ್ಮಸ್ಸಿನಲ್ಲಿ ಅದು ವಿಡಿಯೊ ಫೈಲನ್ನು ಹಿಡಿದುಕೊಂಡು ಕೂರುವುದುಂಟು. ಮದುವೆಯ ವಿಡಿಯೊ ಕಾಪಿ ಮಾಡಿಕೊಡುವ ಅಂಗಡಿಗಳಲ್ಲಿ ಇದು ನಿತ್ಯದ ಕಾಟ. ಫೋಲ್ಡರ್ ಕಿಟಕಿ ಮುಚ್ಚಿ ಒಂದು ನಿಮಿಷ ಬಿಡಿ. ಆ್ಯಂಟಿವೈರಸ್ ಆಗಷ್ಟೇ ಡ್ರೈವ್ ಜಾಲಾಡತೊಡಗಿದ್ದರೂ ಕಾಯುವುದೇ ಮದ್ದು.

ಇದ್ಯಾವುದೂ ಅಲ್ಲದೆ ಪ್ರತಿಯೊಂದು ಪೆನ್‌ಡ್ರೈವನ್ನೂ ಯಂತ್ರ ಬಿಡದಿದ್ದರೆ ವೈರಸ್ ಇದೆಯೇ ನೋಡಬೇಕು. ‘ಆಟೋರನ್’ ಫೈಲ್ ಹಾಕುತ್ತ ಹರಡುವ ಹುಳುಗಳು ಸಿಕ್ಕಿದ ಡ್ರೈವನ್ನೆಲ್ಲ ಮತ್ತೆ ಮತ್ತೆ ಮುಟ್ಟುತ್ತಲೇ ಇರುತ್ತವೆ. 2008ರಲ್ಲಿ ಜಗತ್ತಿಗೇ ಹಬ್ಬಿದ ಕಾನ್‌ಫಿಕರ್ ಪೆನ್‌ಡ್ರೈವ್ ದಾರಿಯನ್ನೂ ಬಳಸಿತು. 2011ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಪಿಗೂ ಈ ಆಟೋರನ್ ಬಂದ್ ಮಾಡುವ ಅಪ್‌ಡೇಟ್ ಕೊಟ್ಟಿತು. ಇಂಟರ್ನೆಟ್ಟೇ ಕಾಣದ ಅಂಗಡಿಯ ಯಂತ್ರಕ್ಕೆ ಅದು ತಲುಪಿರಬೇಕೆಂದೇನೂ ಇಲ್ಲ.

ಹೆಸರು ಕೇಳುವ ದಾರಿ ವಿಂಡೋಸ್‌ನಲ್ಲೂ ಇದೆ, ಕಣ್ಣಿಗೆ ಕಾಣುವ ಕಡೆ ಇಲ್ಲ ಅಷ್ಟೆ. ವಿಂಡೋಸ್ 7ರಲ್ಲಿ ಈವೆಂಟ್ ವ್ಯೂವರ್ ತೆರೆದು ಸಿಸ್ಟಂ ಲಾಗ್‌ನಲ್ಲಿ 225ನೇ ಸಂಖ್ಯೆಯ ‘ಕರ್ನಲ್-ಪಿಎನ್‌ಪಿ’ ಸಾಲನ್ನು ಹುಡುಕಿ. ಡ್ರೈವ್ ಬಿಡದಂತೆ ತಡೆದ ಪ್ರೋಗ್ರಾಂನ ಹೆಸರು ಅಲ್ಲಿರುತ್ತದೆ. ಪರದೆಯ ಮೇಲೆ ತೋರಿಸಬೇಕಾದ ಮಾತನ್ನು ಒಳಕೋಣೆಯ ದಫ್ತರದಲ್ಲಿ ಬರೆದಿಟ್ಟ ಪುಣ್ಯಾತ್ಮರು ಯಾರೋ! ಎಕ್ಸ್‌ಪಿಗಾದರೆ ‘ಪ್ರೋಸೆಸ್ ಎಕ್ಸ್‌ಪ್ಲೋರರ್’ ಎಂಬ ಉಚಿತ ಸಾಧನದ ಹಳೆಯ ಆವೃತ್ತಿ ಬೇಕು. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ ಸಿಸ್‌ಇಂಟರ್ನಲ್ಸ್‌ನ ಸಾಧನ ಇದು, 2006ರಿಂದ ಮೈಕ್ರೋಸಾಫ್ಟ್‌ನ ಕೈಯಲ್ಲಿದೆ. ಅದರಲ್ಲಿ ಡ್ರೈವ್‌ನ ಅಕ್ಷರ ಕೊಟ್ಟು ಹುಡುಕಿದರೆ ಹಿಡಿದವರು ಸಿಕ್ಕಿಬೀಳುತ್ತಾರೆ. ಸಿಕ್ಕ ಹಿಡಿತವನ್ನು ಅಲ್ಲಿಂದಲೇ ಬಲವಂತವಾಗಿ ಕತ್ತರಿಸುವ ಸೌಲಭ್ಯವೂ ಇದೆ. ಅದನ್ನು ಮುಟ್ಟದಿರುವುದೇ ವಾಸಿ, ಆ ಪ್ರೋಗ್ರಾಂ ಅರ್ಧ ಬರೆದ ಫೈಲ್ ಅರ್ಧಕ್ಕೇ ನಿಂತೀತು.

ಕಿತ್ತರೆ ನಿಜಕ್ಕೂ ಆಗುವುದೇನು? ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್32 ಮಾದರಿಯಲ್ಲಿ ಫೈಲ್‌ನ ದತ್ತಾಂಶ ಒಂದು ಕಡೆ, ಅದು ಎಲ್ಲೆಲ್ಲಿದೆ ಎಂಬ ಕೋಷ್ಟಕ ಇನ್ನೊಂದು ಕಡೆ, ಹೆಸರು ಮತ್ತು ಗಾತ್ರ ಮತ್ತೊಂದು ಕಡೆ ಇರುತ್ತವೆ. ಮೂರನ್ನೂ ಬರೆದು ಮುಗಿಸುವ ಮೊದಲೇ ಕಿತ್ತರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಹೆಸರಿದ್ದೂ ‘0 ಕೆಬಿ’ ತೋರಿಸುವ ಫೈಲ್ ಹುಟ್ಟುವುದು ಹೀಗೆ. ಚೆಕ್‌ಡಿಸ್ಕ್ ಓಡಿಸಿದ ಮೇಲೆ ಕಾಣುವ ‘ಫೌಂಡ್.000’ ಫೋಲ್ಡರ್ ಇಂಥ ವಾರಸುದಾರರಿಲ್ಲದ ತುಣುಕುಗಳ ರಾಶಿ. ಎನ್‌ಟಿಎಫ್‌ಎಸ್ ಮತ್ತು ಲಿನಕ್ಸ್‌ನ ಎಕ್ಸ್‌ಟಿ4 ಮಾಡುವ ಬದಲಾವಣೆಯನ್ನು ಮೊದಲೇ ದಾಖಲಿಸಿಟ್ಟುಕೊಳ್ಳುವುದರಿಂದ ಅವುಗಳ ಕೋಷ್ಟಕ ಉಳಿಯುವ ಸಂಭವ ಹೆಚ್ಚು, ಆದರೆ ನಿಮ್ಮ ಫೋಟೊಗೆ ಆ ಖಾತ್ರಿ ಇಲ್ಲ. ತಿರುಗುವ ಹಾರ್ಡ್ ಡಿಸ್ಕ್‌ಗೆ ಪೆಟ್ಟು ಬೇರೆ ಬಗೆಯದು. ಕರೆಂಟ್ ತಪ್ಪಿದ ಕ್ಷಣ, ತಿರುಗುತ್ತಿರುವ ತಟ್ಟೆಯ ಉಳಿದ ಬಲದಿಂದಲೇ ಅದು ಓದುವ ತಲೆಯನ್ನು ಸರಕ್ಕನೆ ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ‘ಟಕ್’ ಎಂಬ ಸದ್ದು ಅದೇ. ಇಂಥ ಎಳೆತಗಳನ್ನು ಬಹಳಷ್ಟು ಡಿಸ್ಕ್‌ಗಳು ತಮ್ಮೊಳಗೇ ಎಣಿಸಿಡುತ್ತವೆ. ಹೆಸ್ಕಾಂ ಕರೆಂಟ್ ಹೋದಾಗಲೂ ಆಗುವುದು ಇದೇ. ಬ್ಯಾಟರಿ ಸತ್ತ ಯುಪಿಎಸ್ ಇಟ್ಟುಕೊಂಡು ಪೆನ್‌ಡ್ರೈವ್ ವಿಷಯದಲ್ಲಿ ಮಾತ್ರ ಎಚ್ಚರ ವಹಿಸುವುದರಲ್ಲಿ ಅರ್ಥವಿಲ್ಲ.

ಕೆಲವೊಮ್ಮೆ ತಪ್ಪು ಯಾವ ಪ್ರೋಗ್ರಾಂನದ್ದೂ ಅಲ್ಲ. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದ ಗರಿಷ್ಠ ವಿದ್ಯುತ್ 500 ಮಿಲಿಆಂಪಿಯರ್. ಹಳೆಯ ಕ್ಯಾಬಿನೆಟ್‌ನ ಮುಂದಿನ ಕಿಂಡಿಯಲ್ಲಿ ತಂತಿ ಸವೆದು ಅಷ್ಟೂ ಬಾರದಿದ್ದರೆ ಎಕ್ಸ್‌ಟರ್ನಲ್ ಡಿಸ್ಕ್ ನಡುನಡುವೆ ಸುಸ್ತಾಗಿ ನಿಲ್ಲುತ್ತದೆ, ಕಂಪ್ಯೂಟರ್ ಉತ್ತರಕ್ಕಾಗಿ ಕಾಯುತ್ತ ಕೂರುತ್ತದೆ. ಅಂಥ ಡಿಸ್ಕನ್ನು ಹಿಂದಿನ ಕಿಂಡಿಗೆ ಹಾಕಬೇಕು. ಡಿಸ್ಕ್ ಒಂದೇ ಸಮ ಟಿಕ್ ಟಿಕ್ ಎನ್ನುತ್ತ ಬಿಡದಿದ್ದರೆ ಅದು ಹಾಳಾದ ಜಾಗವನ್ನು ಪದೇ ಪದೇ ಓದಲು ಹೆಣಗುತ್ತಿರಬಹುದು. ಅಲ್ಲಿ ಮಾಡಬೇಕಾದ್ದು ಬಿಡಿಸುವ ಸರ್ಕಸ್ ಅಲ್ಲ, ಮುಂದಿನ ಸಲ ಹಾಕಿದಾಗ ಮುಖ್ಯವಾದುದನ್ನು ಮೊದಲು ಕಾಪಿ ಮಾಡಿಕೊಳ್ಳುವುದು.

ಹೆಸರೇ ಸಿಗದಿದ್ದರೆ ಲಾಗ್ ಆಫ್ ಮಾಡಿ, ಬಳಸುವವರ ಪ್ರೋಗ್ರಾಂಗಳೆಲ್ಲ ಅದರೊಂದಿಗೆ ಮುಚ್ಚುತ್ತವೆ. ಆಗಲೂ ಬಿಡದಿದ್ದರೆ ಕಂಪ್ಯೂಟರ್ ಬಂದ್ ಮಾಡಿ. ಇದು ಸೋಲೇನಲ್ಲ. ಎಕ್ಸ್‌ಪಿ ಮತ್ತು 7ರಲ್ಲಿ ಬಂದ್ ಮಾಡುವಾಗ ಬಾಕಿಯೆಲ್ಲ ಡಿಸ್ಕ್‌ಗೆ ಇಳಿಯುತ್ತದೆ, ಎಲ್ಲರ ಹಿಡಿತವೂ ಬಿಡುತ್ತದೆ. ಆದರೆ ಸ್ಲೀಪ್ ಅಥವಾ ಹೈಬರ್ನೇಟ್ ಮಾಡಿ ಡ್ರೈವ್ ತೆಗೆಯಬೇಡಿ. ಯಂತ್ರ ಎದ್ದಾಗ ಅದರ ನೆನಪಿನಲ್ಲಿ ಹಳೆಯ ಕೋಷ್ಟಕವೇ ಇರುತ್ತದೆ. ಅಷ್ಟರಲ್ಲಿ ಆ ಡ್ರೈವ್‌ಗೆ ಇನ್ನೊಂದು ಕಂಪ್ಯೂಟರ್ ಏನಾದರೂ ಬರೆದಿದ್ದರೆ ಎರಡೂ ಕೆಡಬಹುದು.

ಆದ್ದರಿಂದ ಅಂಗಡಿಯವರು “ಒಂದ್ ಸಲ ಬಂದ್ ಮಾಡಿ ಕೊಡ್ತೀನ್ರಿ” ಎಂದರೆ ಅವಸರ ಮಾಡಬೇಡಿ, ಎರಡು ನಿಮಿಷ ಕೊಡಿ. ಪೆನ್‌ಡ್ರೈವ್‌ನಲ್ಲಿರುವುದೇ ನಿಮ್ಮ ಏಕೈಕ ಪ್ರತಿಯಾಗಿದ್ದರೆ ಬಂದ್ ಮಾಡುವ ಮೊದಲು ಅಂಗಡಿಯ ಕಂಪ್ಯೂಟರ್‌ನಲ್ಲಿ ಇನ್ನೊಂದು ಪ್ರತಿ ಹಾಕಿಸಿ. ಮನೆಗೆ ಹೋಗಿ ಫೈಲುಗಳೆಲ್ಲ ತೆರೆಯುತ್ತವೆ ಎಂದು ನೋಡಿಕೊಂಡ ಮೇಲೆ ಫೋನ್ ಮಾಡಿ ಅದನ್ನು ಅಳಿಸಲು ಹೇಳಿ. ಆಧಾರ್, ಪಾಸ್‌ಬುಕ್‌ಗಳ ಸ್ಕ್ಯಾನ್ ಇದ್ದರಂತೂ ಮರೆಯದೆ ಹೇಳಿ.