ಅಫೀಮಿನ ವ್ಯಸನ, ಅದರ ಔಷಧ ಮತ್ತು ಕಲಬುರಗಿ

ಗಸಗಸೆ ಗಿಡದ ಎಳೆಯ ಕಾಯನ್ನು ಗೀರಿದಾಗ ಒಸರುವ ಹಾಲು ಒಣಗಿ ಅಫೀಮಾಗುತ್ತದೆ. ಅದರಿಂದ ದೊರೆಯುವ ಮಾರ್ಫಿನ್ ಮತ್ತು ಕೋಡೀನ್, ಮಾರ್ಫಿನನ್ನು ಮಾರ್ಪಡಿಸಿದ ಹೆರಾಯಿನ್, ಪ್ರಯೋಗಾಲಯದಲ್ಲೇ ತಯಾರಾಗುವ ಟ್ರಮಡಾಲ್‌ನಂಥ ನೋವಿನ ಮಾತ್ರೆ, ಇವೆಲ್ಲವನ್ನೂ ವೈದ್ಯಶಾಸ್ತ್ರವು ಓಪಿಯಾಯ್ಡ್ ಎಂಬ ಒಂದೇ ಹೆಸರಿನಡಿ ಸೇರಿಸುತ್ತದೆ. ಇವುಗಳ ಬಳಕೆಯಿಂದ ತೊಂದರೆಗೆ ಸಿಲುಕಿ ನೆರವು ಬೇಕಾದವರು ದೇಶದಲ್ಲಿ ಸುಮಾರು 77 ಲಕ್ಷ ಮಂದಿ ಎಂದು ಕೇಂದ್ರ ಸರ್ಕಾರದ 2019ರ ಸಮೀಕ್ಷಾ ವರದಿ ಅಂದಾಜಿಸಿತು. ಅಫೀಮು ಸೇವಿಸುವವರಿಗಿಂತ ಔಷಧರೂಪದ ಓಪಿಯಾಯ್ಡ್ ಬಳಸುವವರೇ ಹೆಚ್ಚು ಎಂಬುದೂ ಅದರಲ್ಲಿ ಕಂಡುಬಂದಿತು. ವ್ಯಸನದ ಬಾಗಿಲು ಔಷಧದಂಗಡಿಯಲ್ಲೂ ಇರುವುದರಿಂದ, ಕಲಬುರಗಿಯ ಗಾಜಿಪುರದಂಥ ಬಡಾವಣೆಯಾಗಲಿ ಕಮಲಾಪುರದಂಥ ತಾಲೂಕು ಕೇಂದ್ರವಾಗಲಿ ತಾನು ಇದರಿಂದ ದೂರ ಎಂದು ನೆಮ್ಮದಿಯಿಂದಿರಲು ಕಾರಣವಿಲ್ಲ.

ಮಿದುಳಿನ ಕೆಲವು ಜೀವಕೋಶಗಳ ಮೇಲಿರುವ ಗ್ರಾಹಕಗಳಿಗೆ ಅಂಟಿಕೊಂಡು ಓಪಿಯಾಯ್ಡ್ ನೋವನ್ನು ತಗ್ಗಿಸಿ ಸುಖದ ಅನುಭವ ಕೊಡುತ್ತದೆ. ದಿನವೂ ಸೇವಿಸಿದಂತೆ ದೇಹ ಅದಕ್ಕೆ ಒಗ್ಗಿ, ಪ್ರಮಾಣ ಏರುತ್ತ ಹೋಗುತ್ತದೆ. ನಿಲ್ಲಿಸಿದರೆ ಮೈಕೈ ನೋವು, ಮೂಗು ಸೋರುವಿಕೆ, ಭೇದಿ, ನಿದ್ರಾಹೀನತೆ ಮುತ್ತುತ್ತವೆ. ಈ ಯಾತನೆಯನ್ನು ತಾಳಲಾರದೆ ಮತ್ತೆ ನಶೆಗೆ ಮರಳುವವನನ್ನು ಮನೋದಾರ್ಢ್ಯವಿಲ್ಲದವನೆಂದು ಮನೆಮಂದಿ ಜರೆಯುವುದು ಸಾಮಾನ್ಯವಾದರೂ ಅದು ಅನ್ಯಾಯ. ಬುಪ್ರೆನಾರ್ಫಿನ್ ಎಂಬ ಔಷಧವು ಅದೇ ಗ್ರಾಹಕಗಳನ್ನು ಬಲವಾಗಿ ಹಿಡಿದರೂ ಅವನ್ನು ಅರೆಬರೆಯಾಗಿ ಮಾತ್ರ ಪ್ರಚೋದಿಸುವುದರಿಂದ, ಯಾತನೆಯೂ ಕಾಡುವ ಬಯಕೆಯೂ ಅಡಗುತ್ತವೆ, ಒಂದು ಮಿತಿಯ ಆಚೆ ಅಮಲು ಏರುವುದಿಲ್ಲ, ಉಸಿರಾಟ ನಿಲ್ಲುವ ಅಪಾಯವೂ ಕಡಿಮೆ. ನಾಲಿಗೆಯಡಿ ಇಟ್ಟುಕೊಳ್ಳುವ ಈ ಮಾತ್ರೆಯಲ್ಲಿ ಬುಪ್ರೆನಾರ್ಫಿನ್ ಪ್ರಮಾಣದ ಕಾಲು ಭಾಗದಷ್ಟು ನಲಾಕ್ಸೋನ್ ಬೆರೆಸಿರುವುದುಂಟು. ಯಾರಾದರೂ ಅದನ್ನು ಕರಗಿಸಿ ಚುಚ್ಚಿಕೊಂಡರೆ ನಲಾಕ್ಸೋನ್ ಗ್ರಾಹಕಗಳನ್ನು ತಡೆದು ಅಮಲನ್ನು ತಪ್ಪಿಸುತ್ತದೆ. ಇನ್ನೊಂದು ಔಷಧವಾದ ಮೆಥಡೋನನ್ನು 1965ರ ಹೊತ್ತಿಗೆ ನ್ಯೂಯಾರ್ಕ್‌ನ ವೈದ್ಯರಾದ ಡೋಲ್ ಮತ್ತು ನೈಸ್ವಾಂಡರ್ ಈ ಚಿಕಿತ್ಸೆಗೆ ತಂದರು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡನ್ನೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಕರ್ನಾಟಕದ ಹಳ್ಳಿಗಳಿಗೆ ವ್ಯಸನ ಬಿಡಿಸುವುದೆಂದರೆ ಮೊದಲು ನೆನಪಾಗುವುದು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ನಡೆಸುವಂಥ, ಕೆಲವೇ ದಿನಗಳ ಮದ್ಯವರ್ಜನ ಶಿಬಿರ. ಕುಡಿತದ ವಿಷಯದಲ್ಲಿ ಅವುಗಳ ಸೇವೆಯನ್ನು ಅಲ್ಲಗಳೆಯಬೇಕಿಲ್ಲ, ಆದರೆ ಅದೇ ಪದ್ಧತಿಯನ್ನು ಓಪಿಯಾಯ್ಡ್‌ಗೆ ಅನ್ವಯಿಸುವುದು ಪ್ರಾಣಾಂತಿಕವಾಗಬಹುದು. ಕೆಲವು ದಿನ ಬಿಟ್ಟಿದ್ದವನ ದೇಹ ಹಳೆಯ ಪ್ರಮಾಣವನ್ನು ತಡೆದುಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಮರಳಿ ಅಷ್ಟನ್ನೇ ಸೇವಿಸಿದರೆ ಉಸಿರು ನಿಲ್ಲಬಹುದು. ಆದ್ದರಿಂದಲೇ ಔಷಧವನ್ನು ತಿಂಗಳುಗಟ್ಟಲೆ, ಅನೇಕರಿಗೆ ವರ್ಷಗಟ್ಟಲೆ, ಆಪ್ತಸಲಹೆಯೊಂದಿಗೆ ಮುಂದುವರಿಸಲಾಗುತ್ತದೆ. ಇದು ಒಂದು ಚಟದ ಬದಲು ಇನ್ನೊಂದಲ್ಲವೇ ಎಂಬ ಆಕ್ಷೇಪ ಹಳೆಯದು. ನಿಗದಿತ ಮಾತ್ರೆ ತೆಗೆದುಕೊಂಡು ದುಡಿಮೆಗೆ ಹೋಗುವವನಿಗೂ ದಿನವಿಡೀ ನಶೆಯ ಬೇಟೆಯಲ್ಲಿ ಅಲೆಯುವವನಿಗೂ ಇರುವ ಅಂತರವನ್ನು ಕಂಡ ಯಾವ ಕುಟುಂಬವೂ ಆ ಆಕ್ಷೇಪವನ್ನು ಒಪ್ಪಲಾರದು. ಸೂಜಿ ಹಂಚಿಕೊಳ್ಳುವುದು ತಪ್ಪಿದಂತೆ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಹರಡುವುದೂ ತಗ್ಗುತ್ತದೆ.

ತೊಡಕಿರುವುದು ಔಷಧ ತಲುಪುವ ದಾರಿಯಲ್ಲಿ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ, ಆದರೆ ಗಾಜಿಪುರದಿಂದ ಅದು ಸುಮಾರು 600 ಕಿಲೋಮೀಟರ್. ಟೆಲಿಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ದೊರೆಯುತ್ತದೆ. ಆದರೆ 2020ರ ದೂರವೈದ್ಯ ಮಾರ್ಗಸೂಚಿ ಮಾದಕ ಔಷಧ ಕಾಯ್ದೆಯಡಿ ಬರುವ ಔಷಧಗಳನ್ನು ಫೋನಿನ ಮೂಲಕ ಬರೆದುಕೊಡುವುದನ್ನು ನಿಷೇಧಿಸಿರುವುದರಿಂದ, ಬುಪ್ರೆನಾರ್ಫಿನ್ ಬೇಕಾದವನು ವೈದ್ಯರ ಮುಂದೆ ಹಾಜರಾಗಲೇಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾದದ್ದು ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಮನೋವೈದ್ಯರ ಸೇವೆಯನ್ನು ಜನರಿರುವಲ್ಲಿಗೆ ಒಯ್ಯಬಹುದೆಂದು ಕಲ್ಯಾಣ ಕರ್ನಾಟಕದ ನೆಲದಲ್ಲೇ ಸಾಬೀತಾಗಿರುವಾಗ, ಈ ಮಾತ್ರೆ ಕಲಬುರಗಿಯ ಸರ್ಕಾರಿ ಆಸ್ಪತ್ರೆಯಲ್ಲಿ ತಪ್ಪದೆ ಸಿಗಬೇಕೆಂದು ಕೇಳುವುದು ಅತಿಯಾಸೆಯಲ್ಲ. ಪೊಲೀಸರ ಭಯದಿಂದ ಹಿಂಜರಿಯುವವರು 1985ರ ಅದೇ ಕಾಯ್ದೆಯ 64ಎ ಕಲಮನ್ನು ತಿಳಿದಿರಬೇಕು: ಅಲ್ಪ ಪ್ರಮಾಣದ ಮಾದಕವಸ್ತುವಿನ ಅಥವಾ ಅದರ ಸೇವನೆಯ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಆ ಮೊಕದ್ದಮೆಯಿಂದ ಅವನಿಗೆ ರಕ್ಷಣೆಯುಂಟು, ಚಿಕಿತ್ಸೆಯನ್ನು ಪೂರ್ತಿಗೊಳಿಸದಿದ್ದರೆ ಮಾತ್ರ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು.