ಆ್ಯಪ್‌ನ ‘ಲೈಫ್‌ಟೈಮ್’ ಎಂದರೆ ಯಾರ ಆಯುಷ್ಯ?

ಐಪ್ಯಾಡ್‌ನಲ್ಲಿ ಟಿಪ್ಪಣಿ ಬರೆಯುವವರಿಗೆ ನೋಟಬಿಲಿಟಿ ಗೊತ್ತಿರುವ ಆ್ಯಪ್. 2021ರ ನವೆಂಬರ್‌ನಲ್ಲಿ ಅದು ವಾರ್ಷಿಕ ಚಂದಾಕ್ಕೆ ತಿರುಗಿತು. ಮೊದಲೇ ದುಡ್ಡು ಕೊಟ್ಟು ಕೊಂಡವರಿಗೂ ಪೂರ್ತಿ ಸೌಲಭ್ಯ ಇನ್ನೊಂದು ವರ್ಷ ಮಾತ್ರ ಎಂದಿತು ಕಂಪನಿ. ಬಳಕೆದಾರರು ಸಿಟ್ಟಿಗೆದ್ದರು. ಚಂದಾಕ್ಕೆ ಬದಲಾಗುವ ಆ್ಯಪ್, ಗ್ರಾಹಕರು ಆಗಲೇ ಹಣ ಕೊಟ್ಟು ಪಡೆದ ಮುಖ್ಯ ಸೌಲಭ್ಯಗಳನ್ನು ಕಿತ್ತುಕೊಳ್ಳಬಾರದು ಎಂದು ಆ್ಯಪಲ್‌ನ ನಿಯಮವೇ ಹೇಳುತ್ತದೆ. ಕೆಲವೇ ದಿನಗಳಲ್ಲಿ ಕಂಪನಿ ಹಿಂದೆ ಸರಿದು, ಹಳಬರಿಗೆ ಅವು ಹಾಗೆಯೇ ಉಳಿಯುತ್ತವೆ ಎಂದಿತು. ನನ್ನ ಮಟ್ಟಿಗೆ, ಚಂದಾ ಕೇಳಿದ್ದು ತಪ್ಪಲ್ಲ. ಮುಗಿದ ವ್ಯಾಪಾರವನ್ನು ಮತ್ತೆ ತೆರೆದದ್ದು ತಪ್ಪು.

ಆ್ಯಪ್ ಮಾಡುವವರ ಕಷ್ಟವೂ ಸುಳ್ಳಲ್ಲ. 2017ರಲ್ಲಿ ಐಓಎಸ್ 11 ಬಂದಾಗ 32 ಬಿಟ್‌ನ ಹಳೆಯ ಆ್ಯಪ್‌ಗಳು ತೆರೆಯುವುದನ್ನೇ ನಿಲ್ಲಿಸಿದವು. ಫೋನಿನ ವ್ಯವಸ್ಥೆ ಬದಲಾದಂತೆ ಆ್ಯಪ್‌ ಅನ್ನೂ ತಿದ್ದುತ್ತಿರಬೇಕು, ಸರ್ವರ್ ಇದ್ದರೆ ಅದರ ಬಾಡಿಗೆ ತಿಂಗಳು ತಿಂಗಳು ಕಟ್ಟಬೇಕು. ಒಮ್ಮೆ ಬಂದ ಹಣದಲ್ಲಿ ಇದು ಎಷ್ಟು ವರ್ಷ ನಡೆದೀತು? ಈ ಕಾರಣಕ್ಕೇ ‘ಲೈಫ್‌ಟೈಮ್’ ಕೊಡುಗೆಯನ್ನು ನಾನು ಚಂದಾಕ್ಕಿಂತ ಹೆಚ್ಚು ಅನುಮಾನದಿಂದ ನೋಡುತ್ತೇನೆ. ಅಲ್ಲಿ ಲೆಕ್ಕಕ್ಕೆ ಬರುವುದು ಕೊಂಡವರ ಆಯುಷ್ಯವಲ್ಲ, ಆ ಕಂಪನಿಯದು. ಹೊಸ ಗಿರಾಕಿಗಳು ಬರುವುದು ನಿಂತರೆ ಹಳಬರ ಖರ್ಚು ಭರಿಸಲು ಹಣವೇ ಇರುವುದಿಲ್ಲ.

ಹಾಗಾದರೆ ಚಂದಾವೇ ಪ್ರಾಮಾಣಿಕ ದಾರಿ ಎನ್ನಬಹುದು. ಅರ್ಧ ಒಪ್ಪುತ್ತೇನೆ. 2013ರಲ್ಲಿ ಅಡೋಬಿ ತನ್ನ ಫೋಟೊಶಾಪ್‌ನ ಹೊಸ ಆವೃತ್ತಿಗಳನ್ನು ಚಂದಾದಾರರಿಗಷ್ಟೇ ಮೀಸಲಿಟ್ಟಿತು. ಹಿಂದಿನ ಸಿಎಸ್6 ಕೊಂಡಿದ್ದವರ ಪ್ರತಿಯನ್ನು ಕಿತ್ತುಕೊಳ್ಳಲಿಲ್ಲ, ನಿಜ. ಆದರೆ ಹಳೆಯದೇ ಸಾಕು, ಈ ವರ್ಷ ದುಡ್ಡು ಹಾಕುವುದಿಲ್ಲ ಎನ್ನುವ ಸ್ವಾತಂತ್ರ್ಯ ಹೊಸಬರಿಗೆ ಸಿಗಲಿಲ್ಲ. ಸಣ್ಣ ಸ್ಟುಡಿಯೊ ನಡೆಸುವವರಿಗೆ ಇದು ದೊಡ್ಡ ನಷ್ಟ. ಚಂದಾ ನಿಲ್ಲಿಸಿದ ಮೇಲೂ ನಮ್ಮ ಕಡತಗಳನ್ನು ತೆರೆಯಲು, ಬೇರೆಡೆ ಒಯ್ಯಲು ಆಗಬೇಕು. ಈ ಭರವಸೆ ಕೊಡದ ಆ್ಯಪ್ ಎಷ್ಟು ಅಗ್ಗವಾದರೂ ದುಬಾರಿಯೇ.

ನಮ್ಮಲ್ಲಿ ಕಾನೂನಿನ ಆಸರೆ ಸ್ವಲ್ಪ ಇದೆ. ಚಂದಾ ರದ್ದು ಮಾಡುವುದನ್ನು ಬೇಕೆಂದೇ ಕಷ್ಟವಾಗಿಸುವುದು 2023ರ ನವೆಂಬರ್‌ನ ಕೇಂದ್ರ ಮಾರ್ಗಸೂಚಿಯ ಪ್ರಕಾರ ನಿಷಿದ್ಧ. ಒಂದು ಮಾತು ಮಾತ್ರ ನೆನಪಿರಲಿ: ಫೋನಿನಿಂದ ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ಗೆ ಹೋಗಿ ಅಲ್ಲೇ ರದ್ದು ಮಾಡಬೇಕು.