ಕ್ಯೂಸೆಕ್ ಲೆಕ್ಕ, ಹೊಸ್ತಿಲ ಲೆಕ್ಕ

ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಚಿಕ್ಕೋಡಿ, ಅಥಣಿ ಕಡೆಯ ಹೊಳೆದಂಡೆಯ ಊರುಗಳಲ್ಲಿ ಕೊಯ್ನಾ ಜಲಾಶಯದ್ದೇ ಮಾತು: ಎಷ್ಟು ನೀರು ಬಿಟ್ಟರಂತೆ? ಉತ್ತರ ಬರುವುದು ಕ್ಯೂಸೆಕ್‌ನಲ್ಲಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 2019ರ ಆಗಸ್ಟ್‌ನಲ್ಲಿ ಕೃಷ್ಣೆಯ ಆಲಮಟ್ಟಿ ಜಲಾಶಯದಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಡಬೇಕಾಯಿತು.

ಇಷ್ಟು ಕೇಳಿದರೂ ನಮ್ಮ ಅಂಗಳಕ್ಕೆ ನೀರು ಬರುತ್ತದೋ ಇಲ್ಲವೋ ತಿಳಿಯದು. ಅಷ್ಟೇ ನೀರು ಪಾತ್ರ ಕಿರಿದಾದಲ್ಲಿ ಮೇಲೇರುತ್ತದೆ, ಬಯಲಲ್ಲಿ ಹರಡುತ್ತದೆ. ಉಪನದಿಗಳದ್ದು ಇನ್ನೂ ತೊಡಕು. ಕಲ್ಲೋಳದ ಬಳಿ ದೂಧಗಂಗಾ ಕೃಷ್ಣೆಯನ್ನು ಸೇರುತ್ತದೆ. ಕೃಷ್ಣೆಯೇ ತುಂಬಿ ನಿಂತಿದ್ದರೆ ದೂಧಗಂಗೆಗೆ ಹರಿಯಲು ಇಳಿಜಾರು ಸಿಗದೆ, ಅದು ಹಿಂದಕ್ಕೆ ಒತ್ತಿ ತನ್ನ ದಂಡೆಯ ಹೊಲಗಳನ್ನೇ ನುಂಗುತ್ತದೆ. ಊರಲ್ಲಿ ಬಿಸಿಲು ಬಿದ್ದ ದಿನವೂ ನೀರು ಏರುವುದುಂಟು.

ಅಂಕಿಗೂ ಅಂಗಳಕ್ಕೂ ಕೊಂಡಿ ಹಾಕಬಲ್ಲವರು ಊರವರೇ. ಬ್ಯಾರೇಜ್ ಸೇತುವೆ ಮುಳುಗಿದ ಮೇಲೆ ಮುಂದಿನ ಸರದಿ ಯಾವ ಓಣಿಯದ್ದೆಂದು ಹಿರಿಯರಿಗೆ ಗೊತ್ತು. ಹಳೆಯ ನೆರೆ ಎಲ್ಲಿವರೆಗೆ ಬಂದಿತ್ತೆಂದು ಶಾಲೆ, ಗುಡಿಯ ಗೋಡೆ ಮೇಲೆ ಗೆರೆ ಎಳೆದು ಆ ದಿನದ ಕ್ಯೂಸೆಕ್ ಬರೆದಿಟ್ಟರೆ ಸರಕಾರಿ ಅಂಕಿ ಕಣ್ಣಿಗೆ ಕಾಣುತ್ತದೆ. ಖರ್ಚು, ಒಂದು ಡಬ್ಬಿ ಬಣ್ಣ. ಹೂಳು ತುಂಬಿದರೆ, ಹೊಸ ಸೇತುವೆ ಎದ್ದರೆ ಆ ಲೆಕ್ಕ ತಪ್ಪುತ್ತದೆ. ಹಾಗಾಗಿ ನೆರೆ ಬಂದಾಗಲೆಲ್ಲ ತಿದ್ದಬೇಕು.

ಮೊದಲೇ ತಿಳಿದರೆ ಪಾತ್ರೆ-ಪಗಡವಷ್ಟೇ ಉಳಿಯುವುದಲ್ಲ. ಇಂಗ್ಲೆಂಡಿನಲ್ಲಿ 2013-14ರ ಚಳಿಗಾಲದ ನೆರೆಯಾಗಿ ವರ್ಷದ ನಂತರ ಸಂತ್ರಸ್ತರ ಮನಸ್ಸಿನ ಸ್ಥಿತಿಯನ್ನು ಅಧ್ಯಯನ ಮಾಡಿದರು. ಮನೆ ಬಿಡಬೇಕಾದವರಲ್ಲಿ, 12 ಗಂಟೆಗೂ ಮೊದಲೇ ಎಚ್ಚರಿಕೆ ಸಿಕ್ಕವರಿಗಿಂತ ಯಾವ ಸೂಚನೆಯೂ ಇಲ್ಲದೆ ಎದ್ದು ಓಡಿದವರಲ್ಲಿ ಖಿನ್ನತೆ ಮತ್ತು ಆಘಾತದ ಲಕ್ಷಣಗಳು ಹೆಚ್ಚಿದ್ದವು. ನಮ್ಮಲ್ಲಿ ನೆರೆ ಪರಿಹಾರವೆಂದರೆ ಗೋಡೆ ಎಷ್ಟು ಬಿತ್ತು ಎಂಬ ಪಂಚನಾಮೆಯೇ ಮುಖ್ಯ. ಮನಸ್ಸಿಗೆ ಅದರಲ್ಲಿ ಕಾಲಂ ಇಲ್ಲ.

ಸುದ್ದಿ ಸಮಯಕ್ಕೆ ಮುಟ್ಟಿದರೂ ಕೆಲವರು ಮನೆ ಬಿಡುವುದಿಲ್ಲ. ಅದು ಹಠವಲ್ಲ, ಕೊಟ್ಟಿಗೆಯ ಚಿಂತೆ. ಎಮ್ಮೆಯನ್ನು ನೀರಿಗೆ ಬಿಟ್ಟು ಯಾರು ಹೋದಾರು? ಕಾಳಜಿ ಕೇಂದ್ರದಲ್ಲಿ ಅನ್ನ-ಸಾರು ಇದ್ದು ಮೇವಿಲ್ಲದಿದ್ದರೆ ಹೆಂಗಸರು-ಮಕ್ಕಳು ಬರುತ್ತಾರೆ, ಗಂಡಸರು ದನದ ಜೊತೆ ಉಳಿಯುತ್ತಾರೆ. ಆಮೇಲೆ ಅವರನ್ನು ಕರೆತರಲು ದೋಣಿ ಹೋಗಬೇಕು. ಎತ್ತರದ ಊರಿನಲ್ಲಿ ಯಾರ ದನ ಯಾರ ಹಿತ್ತಲಿಗೆ ಎಂದು ಮುಂಗಾರಿಗೆ ಮೊದಲೇ ಮಾತಾಡಿಕೊಂಡ ಓಣಿಗೆ ಆ ದೋಣಿಯ ಹಂಗಿಲ್ಲ.